ಫ್ಲೆಕ್ಸ್ ಇಳಿದು ಫೋನಿಗೆ ಬಂತು

"ಪರ್ಸನಲ್ ಬ್ರ್ಯಾಂಡ್ ಕಟ್ಟಿಕೊಳ್ಳಿ, ಇಲ್ಲದಿದ್ದರೆ ಹಿಂದೆ ಬೀಳ್ತೀರಿ" ಅನ್ನುವ ಜಾಹೀರಾತು ಈಗ ಕನ್ನಡದಲ್ಲೂ ಬರತೊಡಗಿದೆ. ಭಾನುವಾರ ಎರಡು ಗಂಟೆ ವೆಬಿನಾರ್, ಕೊನೆಗೆ ದೊಡ್ಡ ಕೋರ್ಸಿಗೆ ದುಡ್ಡು ಕಟ್ಟಿ ಅನ್ನುವ ಲಿಂಕು. ನನ್ನದು ಮಲೆನಾಡಿನ ಸೆರಗಿನ ತಾಲ್ಲೂಕು ಪೇಟೆಯಲ್ಲಿ ಸಣ್ಣ ಡಿಸೈನ್ ಅಂಗಡಿ. ಮದುವೆ ಪತ್ರಿಕೆ, ಬಿಲ್ ಬುಕ್ಕು, ಫ್ಲೆಕ್ಸು ಅಂತ ಶುರುವಾಗಿದ್ದು, ಈಗ ಅರ್ಧಕ್ಕರ್ಧ ಕೆಲಸ ಇನ್‌ಸ್ಟಾಗ್ರಾಂ ಪೋಸ್ಟರು, ಯೂಟ್ಯೂಬ್ ತಂಬ್‌ನೇಲು. ಹಾಗಾಗಿ ಕೋರ್ಸು ಮುಗಿಸಿದವರು ಸೀದಾ ನನ್ನ ಹತ್ತಿರ ಬರುತ್ತಾರೆ. "ಸರ್, ನನ್ನ ಹೆಸರಿಗೆ ಒಂದು ಲೋಗೋ ಬೇಕು." ಏನು ಕೆಲಸ ಮಾಡ್ತೀರಿ ಅಂತ ಕೇಳಿದರೆ, "ಅದಿನ್ನೂ ಫಿಕ್ಸ್ ಆಗಿಲ್ಲ, ಮೊದಲು ಬ್ರ್ಯಾಂಡ್ ಆಗ್ಲಿ."

ನಗಬೇಡಿ. ಇದು ನಮ್ಮ ಕಡೆ ಹೊಸದೇನಲ್ಲ.

ಫ್ಲೆಕ್ಸ್ ಮಾಡಿದವರಿಗೆ ಗೊತ್ತು. ಮೇಲ್ಗಡೆ ಸಾಲಾಗಿ ರಾಜ್ಯ ನಾಯಕರ ದುಂಡು ಫೋಟೋಗಳು. ನಡುವೆ ಆಳೆತ್ತರಕ್ಕೆ ನಮ್ಮ ಹೀರೋ. ಬಿಳಿ ಅಂಗಿ, ಕೈ ಮುಗಿದಿರಬೇಕು ಇಲ್ಲವೇ ಫೋನ್ ಕಿವಿಗಿಟ್ಟಿರಬೇಕು. ಹೆಸರಿನ ಕೆಳಗೆ "ಯುವ ನಾಯಕರು, ಸಮಾಜ ಸೇವಕರು". ಅದರ ಕೆಳಗೆ "ಶುಭ ಕೋರುವವರು" ಅಂತ ಇಪ್ಪತ್ತೋ ಮೂವತ್ತೋ ಪುಟಾಣಿ ಮುಖಗಳು, ಅದರಲ್ಲಿ ಒಬ್ಬನದು ಪಕ್ಕದವನಿಗಿಂತ ಚೂರು ಸಣ್ಣದಾದರೂ ಮಾರನೇ ದಿನ ನನ್ನ ಅಂಗಡಿ ಮುಂದೆ ಜಗಳ. ಇವರು ಮಾಡಿದ ಸಮಾಜ ಸೇವೆ ಏನು ಅಂತ ಬರೆಯಲು ಜಾಗವೇ ಉಳಿಯುತ್ತಿರಲಿಲ್ಲ. ಯಾರೂ ಕೇಳುತ್ತಲೂ ಇರಲಿಲ್ಲ.

2016ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಪ್ಲಾಸ್ಟಿಕ್ ನಿಷೇಧಿಸಿದಾಗ ಫ್ಲೆಕ್ಸೂ ಆ ಪಟ್ಟಿಯಲ್ಲಿತ್ತು. 2018ರ ಆಗಸ್ಟ್‌ನಲ್ಲಿ ಹೈಕೋರ್ಟ್ ಗದರಿದ ಮೇಲೆ ಬೆಂಗಳೂರಿನಲ್ಲಿ ರಾತ್ರೋರಾತ್ರಿ ಫ್ಲೆಕ್ಸ್ ಕಿತ್ತರು. ಪೂರ್ತಿ ನಿಂತಿತಾ? ಗಣಪತಿ ಹಬ್ಬಕ್ಕೆ ಒಂದು ಸುತ್ತು ಹಾಕಿ ಬನ್ನಿ, ಗೊತ್ತಾಗುತ್ತೆ. ಆದರೆ ಫ್ಲೆಕ್ಸಿನ ಆ ಡಿಸೈನ್ ಇದ್ದ ಹಾಗೇ ಫೋನಿಗೆ ಬಂತು. "ಅಣ್ಣ, ಪ್ರಿಂಟ್ ಬೇಡ, ಸ್ಟೇಟಸ್ ಸೈಜಲ್ಲಿ ಕಳ್ಸು." ಆಮೇಲೆ ಅದು ರಾಜಕೀಯದವರನ್ನೂ ದಾಟಿತು. ಲಿಂಕ್ಡ್‌ಇನ್ ತೆರೆದು ನೋಡಿ. ಸೂಟು ಹಾಕಿದ ಫೋಟೋ, ಕೈ ಕಟ್ಟಿದ ಭಂಗಿ, ಹೆಸರಿನ ಕೆಳಗೆ "ಸ್ಪೀಕರ್, ಮೆಂಟರ್, ಚೇಂಜ್‌ಮೇಕರ್", ಅದರಡಿ ಶುಭ ಕೋರುವ ಇನ್ನೂರು ಕಾಮೆಂಟು. ಯುವ ನಾಯಕರು ಇಂಗ್ಲಿಷ್ ಕಲಿತಿದ್ದಾರೆ, ಅಷ್ಟೇ.

ಪರ್ಸನಲ್ ಬ್ರ್ಯಾಂಡ್ ಅನ್ನುವ ಈ ಐಡಿಯಾ ಜೋರಾಗಿದ್ದು ಅಮೆರಿಕದಲ್ಲಿ. 1997ರಲ್ಲಿ ಟಾಮ್ ಪೀಟರ್ಸ್ ಅನ್ನುವ ಮ್ಯಾನೇಜ್‌ಮೆಂಟ್ ಬರಹಗಾರ ಫಾಸ್ಟ್ ಕಂಪನಿ ಪತ್ರಿಕೆಗೆ ಒಂದು ಲೇಖನ ಬರೆದರು. ಪ್ರತಿಯೊಬ್ಬ ನೌಕರನೂ ತನ್ನದೇ ಒಂದು ಕಂಪನಿ, ಅದಕ್ಕೆ ಅವನೇ ಸಿಇಒ, ದೊಡ್ಡ ಬ್ರ್ಯಾಂಡುಗಳು ತಮ್ಮನ್ನು ಮಾರಿಕೊಳ್ಳುವ ಹಾಗೆ ನೀವೂ ಮಾರಿಕೊಳ್ಳಿ ಅನ್ನುವುದು ಅದರ ಸಾರ. ಒಂದೇ ಕಂಪನಿಯಲ್ಲಿ ಸೇರಿ ಅಲ್ಲೇ ರಿಟೈರ್ ಆಗುವ ಕಾಲ ಅಲ್ಲಿ ಮುಗಿಯುತ್ತಿತ್ತು, ಜನಕ್ಕೆ ಭಯ ಇತ್ತು. ಆಗ ಫೇಸ್‌ಬುಕ್ಕೂ ಇರಲಿಲ್ಲ, ಇನ್‌ಸ್ಟಾಗ್ರಾಮೂ ಇರಲಿಲ್ಲ. ಭಯ ಮೊದಲು ಬಂತು, ಅಂಗಡಿ ಆಮೇಲೆ ತೆರೆದರು. 2022ರ ಕೊನೆಯಿಂದ ಬೆಂಗಳೂರಿನ ಐಟಿಯಲ್ಲಿ ಕೆಲಸ ಹೋಗಲು ಶುರುವಾದಾಗ ನಮ್ಮೂರಿನ ಹುಡುಗರು ಇದ್ದಕ್ಕಿದ್ದಂತೆ ದಿನಾ ಪೋಸ್ಟ್ ಹಾಕತೊಡಗಿದ್ದು ನನಗೆ ನೆನಪಿದೆ. ಆ ಭಯವನ್ನು ನಾನು ಗೇಲಿ ಮಾಡುವುದಿಲ್ಲ. ಇಎಂಐ ಇದ್ದವನಿಗೆ ಗೊತ್ತು ಅದರ ಬಿಸಿ.

ನನ್ನ ತಕರಾರು ಇರುವುದು ಬೇರೆ ಕಡೆ. ಬ್ರ್ಯಾಂಡ್ ಅಂದರೆ ಏನು? ಇವತ್ತು ಹೇಗಿತ್ತೋ ನಾಳೆಯೂ ಹಾಗೇ ಇರುತ್ತೆ ಅನ್ನುವ ಭರವಸೆ. ಗಾಂಧಿಬಜಾರಿನ ವಿದ್ಯಾರ್ಥಿ ಭವನ 1943ರಿಂದ ಇದೆ. ಅಲ್ಲಿಗೆ ಹೋಗುವವರು ಬಯಸುವುದು ಹಿಂದಿನ ಸಲ ತಿಂದ ಅದೇ ದೋಸೆಯನ್ನು, ಅದೇ ಕೆಂಪು, ಅದೇ ಗರಿ. ಅದು ಬದಲಾದರೆ ಬೈಯುತ್ತಾರೆ, ಬೈಯಲೇಬೇಕು. ಆದರೆ ಮನುಷ್ಯ ದೋಸೆ ಅಲ್ವಲ್ಲ ಮಾರಾಯ್ರೇ. ಇಪ್ಪತ್ತೈದಕ್ಕೆ ಒಂದು ಹೇಳುತ್ತಾನೆ, ನಲವತ್ತಕ್ಕೆ ಇನ್ನೊಂದು. ಅಪ್ಪ ಆಗುತ್ತಾನೆ, ಕೆಲಸ ಬಿಡುತ್ತಾನೆ, ಒಂದು ಕಾಯಿಲೆ ಬಂದರೆ ದೇವರ ಬಗ್ಗೆ ಅಭಿಪ್ರಾಯವೇ ಬೇರೆ ಆಗುತ್ತೆ. "ಒಂದೇ ವಿಷಯ ಹಿಡ್ಕೊಳ್ಳಿ, ಅದನ್ನೇ ದಿನಾ ಹಾಕಿ" ಅಂತ ಈ ಕೋರ್ಸು ನಡೆಸುವ ಕೋಚುಗಳು ಹೇಳಿಕೊಡುವುದು ಇದನ್ನೆಲ್ಲ ಮುಚ್ಚಿಡುವ ವಿದ್ಯೆಯನ್ನು.

ನಮ್ಮ ಪೇಟೆಯಲ್ಲೇ ಕಾಮಿಡಿ ರೀಲ್ಸ್ ಮಾಡುವ ಹುಡುಗ ಒಬ್ಬನಿದ್ದಾನೆ. ಒಳ್ಳೆ ಟೈಮಿಂಗ್, ಅತ್ತೆ ಸೊಸೆ ಎರಡೂ ಅವನೇ. ಅವನ ತಂದೆಗೆ ಆಪರೇಷನ್ ಆಗಬೇಕಿತ್ತು, ಅಪರೂಪದ ಗುಂಪಿನ ರಕ್ತ ಬೇಕಿತ್ತು. ಆಸ್ಪತ್ರೆ ಕಾರಿಡಾರಿನಲ್ಲಿ ನಿಂತು ವಿಡಿಯೋ ಹಾಕಿದ. ಮೊದಲ ಅರ್ಧ ಗಂಟೆ ಬಂದಿದ್ದು ಬರೀ ನಗುವ ಎಮೋಜಿ. "ಅಣ್ಣ ಪಾರ್ಟ್ 2 ಯಾವಾಗ" ಅಂತ ಒಬ್ಬ. ಜನ ಕೆಟ್ಟವರು ಅಂತಲ್ಲ, ಅವನು ಅಳುವುದನ್ನು ಯಾರೂ ಅದುವರೆಗೆ ನೋಡಿರಲಿಲ್ಲ, ಅದೂ ಒಂದು ಸ್ಕಿಟ್ ಅಂದುಕೊಂಡರು. ಕೊನೆಗೆ ರಕ್ತ ಸಿಕ್ಕಿದ್ದು ಹೈಸ್ಕೂಲ್ ಬ್ಯಾಚಿನ ವಾಟ್ಸಾಪ್ ಗ್ರೂಪಿನಿಂದ. ಅಲ್ಲಿ ಅವನು ಬ್ರ್ಯಾಂಡ್ ಆಗಿರಲಿಲ್ಲ, ಸುಮ್ನೆ ಅವನಾಗಿದ್ದ.

ಇನ್ನು ಈ ಬ್ರ್ಯಾಂಡುಗಳು ನಿಂತಿರುವ ನೆಲದ ವಿಷಯ, ಅಂದರೆ ಆ್ಯಪುಗಳದು. 2020ರ ಜೂನ್ 29ರ ರಾತ್ರಿ ಕೇಂದ್ರ ಸರ್ಕಾರ 59 ಆ್ಯಪ್ ನಿಷೇಧಿಸಿತು, ಅದರಲ್ಲಿ ಟಿಕ್‌ಟಾಕ್ ಇತ್ತು. ಲಕ್ಷಗಟ್ಟಲೆ ಫಾಲೋವರ್ಸ್ ಇದ್ದವರು ಸೊನ್ನೆಗೆ ಬಂದರು. ಆಮೇಲೆ ಯಾರು ಎದ್ದರು ಅಂತ ನೋಡಿದರೆ, ನಾನು ಕಂಡ ಮಟ್ಟಿಗೆ, ಕೈಯಲ್ಲಿ ಒಂದು ಕಸುಬು ಇದ್ದವರೇ. ಹಾಡುವವರು ಇನ್ನೊಂದು ಕಡೆ ಹೋಗಿ ಹಾಡಿದರು. ಅಡುಗೆ ಮಾಡುವವರು ಯೂಟ್ಯೂಬಿಗೆ ಹೋದರು. ಬೇರೆಯವರ ಡೈಲಾಗಿಗೆ ತುಟಿ ಆಡಿಸುತ್ತಿದ್ದವರಿಗೆ ಜಾಸ್ತಿ ಕಷ್ಟ ಆಯಿತು. ಅದೇ ವರ್ಷ ಬೆಂಗಳೂರಿನಲ್ಲಿ ಕೂ ಹುಟ್ಟಿತು, ಟ್ವಿಟರ್ ಥರದ್ದು, ಕನ್ನಡದಿಂದಲೇ ಶುರುವಾದ ಆ್ಯಪ್. ನನಗೂ ಖುಷಿಯಾಗಿತ್ತು. ಗಣ್ಯರು ಅಂತ ಅದು ಕೊಡುತ್ತಿದ್ದ ಹಳದಿ ಟಿಕ್ ಸಿಕ್ಕಿದವರು ಅದರ ಸ್ಕ್ರೀನ್‌ಶಾಟ್ ಹಿಡಿದು ನನ್ನ ಹತ್ತಿರ ಪೋಸ್ಟರ್ ಮಾಡಿಸಿದ್ದೂ ಉಂಟು. 2024ರ ಜುಲೈನಲ್ಲಿ ಅದು ಬಾಗಿಲು ಹಾಕಿತು.

ಹಾಗಾದರೆ ಮುಖವೇ ತೋರಿಸಬಾರದಾ, ಯೂಟ್ಯೂಬಿನಲ್ಲಿ ದೇಶ ಸುತ್ತುವ ಡಾ. ಬ್ರೋ ಇಲ್ವಾ ಅಂತ ಕೇಳುತ್ತೀರಿ. ಇದ್ದಾರೆ. "ನಮಸ್ಕಾರ ದೇವ್ರು" ಅಂದ ಕೂಡಲೇ ಯಾರು ಅಂತ ಚಿಕ್ಕ ಮಕ್ಕಳಿಗೂ ಗೊತ್ತು. ಆದರೆ ಆ ಹುಡುಗ ಆ ಮಾತು ಹೇಳಿ ಸುಮ್ಮನಾಗುವುದಿಲ್ಲ, ನಾವು ಹೋಗಲಾಗದ ದೇಶದ ಸಂತೆ, ಬೀದಿ, ಮನೆ ಒಳಗೆಲ್ಲ ಕರೆದುಕೊಂಡು ಹೋಗುತ್ತಾನೆ. ಭಟ್ ಅಂಡ್ ಭಟ್ ಚಾನೆಲ್ಲಿನ ಅಣ್ಣತಮ್ಮಂದಿರನ್ನು ನೋಡಿ, ತೆಂಗಿನಕಾಯಿ ತುರಿಯುವುದರಿಂದ ಹಿಡಿದು ಒಗ್ಗರಣೆವರೆಗೆ ಪೂರ್ತಿ ತೋರಿಸುತ್ತಾರೆ. ಅವರ ಮುಖ ನಮಗೆ ಪರಿಚಯ ಆಗಿದ್ದು ಆ ಅಡುಗೆಯ ಹಿಂದೆ ಹಿಂದೆ ಬಂದು.

ಇಷ್ಟು ದೊಡ್ಡವರು ಬೇಡ. ನನ್ನ ಫೀಡಿನಲ್ಲಿ ಒಬ್ಬ ಅಡಿಕೆ ಬೆಳೆಗಾರರಿದ್ದಾರೆ. ಕೋಚುಗಳ ಪ್ರಕಾರ ಅವರು ಮಾಡುವುದೆಲ್ಲ ತಪ್ಪು. ಫೋಟೋ ಅಲುಗಾಡಿರುತ್ತೆ, ಹ್ಯಾಶ್‌ಟ್ಯಾಗ್ ಇಲ್ಲ, ತಿಂಗಳುಗಟ್ಟಲೆ ಸುಳಿವಿಲ್ಲ. ಮಳೆಗಾಲ ಹತ್ತಿರ ಬಂದರೆ ಮಾತ್ರ ಅವರ ಪೋಸ್ಟಿಗೆ ಜನ ಕಾಯುತ್ತಾರೆ. ಅಡಿಕೆಯ ಕೊಳೆರೋಗಕ್ಕೆ ಹೊಡೆಸುವ ಬೋರ್ಡೋ ದ್ರಾವಣದ ಲೆಕ್ಕ ಬೆಳೆಗಾರರಿಗೆಲ್ಲ ಗೊತ್ತು, ಒಂದು ಕೆಜಿ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು. ಆದರೆ ಸುಣ್ಣ ಹಳೆಯದಾದರೆ ಲೆಕ್ಕ ಕೈಕೊಡುತ್ತೆ. ಅವರು ಕಬ್ಬಿಣದ ಕತ್ತಿಯನ್ನು ದ್ರಾವಣಕ್ಕೆ ಅದ್ದಿ ತೆಗೆದು ತೋರಿಸುತ್ತಾರೆ. ಕತ್ತಿಯ ಮೇಲೆ ತಾಮ್ರದ ಕೆಂಪು ಕಂಡರೆ ಇನ್ನೂ ಸುಣ್ಣ ಬೇಕು. ಒಂದು ವರ್ಷ ಮರ ಹತ್ತುವ ಕೊನೆಗಾರ ಸಿಗದೆ ಔಷಧಿ ಹೊಡೆಸಿದ್ದು ತಡವಾಗಿ, ತೋಟದ ಒಂದು ಮೂಲೆಗೆ ಕೊಳೆ ಬಂತು. ಉದುರಿದ ಕಾಯಿಯ ಫೋಟೋ ಸಮೇತ ಅದನ್ನೂ ಹಾಕಿದರು. ಎಲೆಚುಕ್ಕಿ ರೋಗ ಜೋರಾದಾಗ "ನಾನು ಇದನ್ನು ಹೊಡೆಸಿದೆ, ಏನೂ ಪ್ರಯೋಜನ ಕಾಣಲಿಲ್ಲ" ಅಂತ ಬರೆದರು. ಅವರದೊಂದು ಸಸಿ ನರ್ಸರಿ ಇದೆ. ಅದಕ್ಕೆ ಜಾಹೀರಾತು ಕೊಟ್ಟಿದ್ದು ನಾನು ನೋಡಿಲ್ಲ, ಆದರೆ ಗಿಡ ಎಲ್ಲಿ ತಗೊಳ್ಳೋದು ಅಂತ ಯಾರಾದರೂ ಗ್ರೂಪಿನಲ್ಲಿ ಕೇಳಿದರೆ ಬೇರೆಯವರೇ ಅವರ ಹೆಸರು ಹೇಳುತ್ತಾರೆ. ನಿಮ್ಮ ಬಗ್ಗೆ ಬೇರೆಯವರು ಹೇಳುವುದು ಬ್ರ್ಯಾಂಡು, ನೀವೇ ಹೇಳಿಕೊಂಡರೆ ಅದು ಫ್ಲೆಕ್ಸು.

ನಂಬಿಕೆ ಬಂದ ಮೇಲೆ ದುಡ್ಡೂ ಬರುತ್ತೆ, ಅಲ್ಲೇ ಜನ ಜಾರುವುದು. "ನಮ್ಮೂರ ಹುಡುಗ" ಅಂತ ಹೆಸರು ಮಾಡಿದ ಎಷ್ಟೋ ಜನ ದುಡ್ಡು ಕಟ್ಟಿ ಆಡುವ ಆ್ಯಪುಗಳನ್ನು ಪ್ರಚಾರ ಮಾಡಿದರು. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಥ ಆಟಗಳನ್ನೇ ನಿಷೇಧಿಸುವ ಕಾಯ್ದೆ ತಂದ ಮೇಲೆ ಹಳೇ ವಿಡಿಯೋಗಳು ಮೆಲ್ಲಗೆ ಮಾಯವಾದವು. ಕಳೆದುಕೊಂಡವರ ದುಡ್ಡು ಹಾಗೆ ವಾಪಸ್ ಬರಲ್ಲ ಅಲ್ವಾ? ಕಾನೂನು ಮೊದಲೂ ಇರಲಿಲ್ಲ ಅಂತೇನಲ್ಲ. ದುಡ್ಡು ಅಥವಾ ವಸ್ತು ತಗೊಂಡು ಹೊಗಳಿದರೆ ಅದನ್ನು ಸ್ಪಷ್ಟವಾಗಿ ಹೇಳಬೇಕು ಅಂತ ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ 2023ರ ಜನವರಿಯಲ್ಲೇ ಮಾರ್ಗಸೂಚಿ ಕೊಟ್ಟಿದೆ. ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷದವರೆಗೆ ದಂಡ, ಮತ್ತೆ ಮಾಡಿದರೆ 50 ಲಕ್ಷದವರೆಗೆ. 2022ರ ಜುಲೈನಿಂದ ಪ್ರಚಾರಕ್ಕೆ ಅಂತ ಒಂದು ಕಂಪನಿಯಿಂದ ಫ್ರೀಯಾಗಿ ಬಂದು ನಿಮ್ಮ ಹತ್ತಿರವೇ ಉಳಿದ ವಸ್ತುಗಳ ಬೆಲೆ ವರ್ಷಕ್ಕೆ 20,000 ರೂಪಾಯಿ ದಾಟಿದರೆ ಶೇ. 10 ಟಿಡಿಎಸ್ (ಕೊಡುವವರೇ ಮೊದಲೇ ಮುರಿದು ಕಟ್ಟುವ ತೆರಿಗೆ) ಕೂಡ ಇದೆ. ಕೋರ್ಸಿಗೆ ಹೋಗಿ ಬಂದ ಒಬ್ಬರೂ ನನ್ನ ಹತ್ತಿರ ಇದರ ಮಾತೆತ್ತಿಲ್ಲ.

ಹೆಣ್ಣುಮಕ್ಕಳಿಗೆ ಈ ಮುಖ ತೋರಿಸುವ ಉಪದೇಶದ ಬೆಲೆ ಇನ್ನೂ ಜಾಸ್ತಿ. ಬ್ಲೌಸಿಗೆ ಆರಿ ವರ್ಕ್ ಮಾಡುವ ಅಕ್ಕ ಒಬ್ಬರು ನನ್ನ ಗಿರಾಕಿ. ಅವರ ಪೇಜಿನಲ್ಲಿ ಕಾಣುವುದು ಎರಡು ಕೈ, ಒಂದು ಸೂಜಿ, ಬಿಗಿದು ಕಟ್ಟಿದ ಬಟ್ಟೆ, ಅಷ್ಟೇ. ಮುಖ ತೋರಿಸದಿದ್ದರೆ ಟ್ರಸ್ಟ್ ಬರಲ್ಲ ಮೇಡಂ ಅಂತ ಒಬ್ಬ ಕೋಚು ಹೇಳಿದನಂತೆ. ಒಂದು ವಿಡಿಯೋದಲ್ಲಿ ತಿಳಿಯದೆ ಅರ್ಧ ಮುಖ ಬಂದಿದ್ದಕ್ಕೆ ರಾತ್ರಿ ಹನ್ನೊಂದರವರೆಗೆ ಇನ್‌ಬಾಕ್ಸಿಗೆ ಏನೇನು ಬಂತು ಅಂತ ಆ ಕೋಚಿಗೆ ಗೊತ್ತಿಲ್ಲ. "ನನ್ನ ಮುಖ ನೋಡಿ ಯಾರಾದ್ರೂ ಬ್ಲೌಸ್ ಹೊಲಿಸ್ತಾರೇನೋ ತಮ್ಮಾ?" ಅಂತ ಕೇಳಿದರು ನನ್ನನ್ನು. ಮದುವೆ ಸೀಸನ್ನಿನಲ್ಲಿ ಅವರು ಆರ್ಡರ್ ಬೇಡ ಅನ್ನಬೇಕಾದಷ್ಟು ಕೆಲಸ ಇರುತ್ತೆ.

ಈಗ ಲೋಗೋ ಬೇಕು ಅಂತ ಯಾರೇ ಬಂದರೂ ನಾನು ಮೊದಲು ಅವರ ಕೆಲಸದ ನಾಲ್ಕು ಫೋಟೋ ಕೇಳುತ್ತೇನೆ. ಇದ್ದರೆ ಅದೇ ಪೋಸ್ಟರ್, ಮುಖ ಮೂಲೆಗೆ. ಇಲ್ಲದಿದ್ದರೆ ಫೋಟೋ ಆದ ಮೇಲೆ ಬನ್ನಿ ಅನ್ನುತ್ತೇನೆ, ಕೆಲವರು ಪಕ್ಕದ ಬೀದಿಯ ಅಂಗಡಿಗೆ ಹೋಗುತ್ತಾರೆ, ಹೋಗಲಿ. ಇನ್ನೊಂದು, ಯಾವ ಊರು, ಅಂಗಡಿ ಎಷ್ಟು ಗಂಟೆಗೆ ತೆರೆಯುತ್ತೆ, ರೇಟು ಎಷ್ಟರಿಂದ ಶುರು ಅಂತ ಪೇಜಿನ ಮೇಲ್ಗಡೆನೇ ಬರೆಯಿರಿ. ಈ "ಪ್ರೈಸಿಗೆ ಡಿಎಂ ಮಾಡಿ" ಅನ್ನುವ ಚಾಳಿ ದಯವಿಟ್ಟು ಬಿಡಿ, ಗಿರಾಕಿಗೆ ನಾಚಿಕೆ ಆಗುತ್ತೆ, ಕೇಳದೆ ಮುಂದೆ ಹೋಗುತ್ತಾನೆ.