ಒಂದು ದೋಸೆ ತಿನ್ನೋಕೂ ಬಿಡಲ್ಲ

ಭಾನುವಾರ ಬೆಳಗ್ಗೆ ದಾವಣಗೆರೆಯಲ್ಲಿ ನೆಮ್ಮದಿಯಾಗಿ ಕೂತು ಒಂದು ಬೆಣ್ಣೆ ದೋಸೆ ತಿನ್ನೋಣ ಅಂದ್ರೆ ಆಗಲ್ಲ ಕಣ್ರೀ. ಸೌದೆ ಒಲೆಯ ಕಾವಲಿಯಿಂದ ಈಗಷ್ಟೇ ಎದ್ದ ದೋಸೆ, ಮೇಲೆ ಬೆಣ್ಣೆ ಇನ್ನೂ ಕರಗ್ತಾ ಇದೆ, ಪಕ್ಕದಲ್ಲಿ ಆ ಬಿಳಿ ಆಲೂಗಡ್ಡೆ ಪಲ್ಯ, ಕಾಯಿ ಚಟ್ನಿ. ಮೊದಲ ತುತ್ತು ಬಾಯಿಗಿಟ್ಟಿಲ್ಲ, ಬೆನ್ನ ಹಿಂದೆ ಒಬ್ಬ ನನ್ನ ಕುರ್ಚಿ ಹಿಡ್ಕೊಂಡು ನಿಂತ. ಕೈಯಲ್ಲಿ ಬೈಕಿನ ಕೀಲಿ. ಜಲ್ ಜಲ್ ಜಲ್. ನನ್ನ ತಟ್ಟೆ ನೋಡ್ತಾನೆ, ವಾಚು ನೋಡ್ತಾನೆ, ಮತ್ತೆ ತಟ್ಟೆ.

"ಅಣ್ಣಾ, ಮುಗೀತಾ?"

ಇನ್ನೂ ಮುಕ್ಕಾಲು ದೋಸೆ ಇದೆಯಪ್ಪಾ!

ಅಕ್ಕಿ, ಉದ್ದು, ಮಂಡಕ್ಕಿ ನೆನೆಸಿ, ರುಬ್ಬಿ, ರಾತ್ರಿಯೆಲ್ಲ ಹುದುಗೋಕೆ ಬಿಟ್ಟ ಹಿಟ್ಟು ಅದು. ಅಷ್ಟು ಹೊತ್ತು ಕಾದ ಹಿಟ್ಟಿಗೆ ಹತ್ತು ನಿಮಿಷ ಕೊಡಬಾರದಾ? (ಎರಡನೇ ದೋಸೆ ಹೇಳೋ ಆಸೆಯೂ ಇತ್ತು. ಅದು ಅಲ್ಲೇ ಸತ್ತಿತು.)

ಗಬಗಬ ನುಂಗಿ, ನಾಲಿಗೆ ಸುಟ್ಕೊಂಡು ಎದ್ದೆ. ಬಿಲ್ ಕೊಡೋ ಸಾಲಿನಲ್ಲಿ ನಿಂತು ತಿರುಗಿ ನೋಡ್ತೀನಿ, ಅದೇ ಮಹಾಶಯ ನನ್ನ ಕುರ್ಚಿಯಲ್ಲಿ ಒರಗಿ ರೀಲ್ಸ್ ನೋಡ್ಕೊಂಡು ನಗ್ತಾ ಕೂತಿದ್ದಾನೆ. ಮುಂದೆ ದೋಸೆ ಆರಿ ತಣ್ಣಗಾಗ್ತಾ ಇದೆ!