ಕಲ್ಲಿಕೋಟೆಯ ಸಾಹಿತ್ಯ ಹಬ್ಬಕ್ಕೆ ಕಾಸರಗೋಡಿನ ಕನ್ನಡಿಗರು ಹೋಗಬೇಕಾ?

ಪ್ರತಿ ವರ್ಷ ಜನವರಿಯಲ್ಲಿ ಕಲ್ಲಿಕೋಟೆಯ ಬೀಚಿನಲ್ಲಿ ಕೇರಳ ಲಿಟರೇಚರ್ ಫೆಸ್ಟಿವಲ್ ನಡೆಯುತ್ತದೆ. ಕಾಸರಗೋಡಿನ ಕನ್ನಡ ಓದುಗರು, ಮೇಷ್ಟ್ರುಗಳು, ಕಾಲೇಜು ಮಕ್ಕಳು ಖರ್ಚು ಮಾಡಿಕೊಂಡು ಅಲ್ಲಿಗೆ ಹೋಗುವುದರಲ್ಲಿ ಅರ್ಥ ಉಂಟಾ? ಇಬ್ಬರು ಇಲ್ಲಿ ವಾದಿಸಿದ್ದಾರೆ.

ಪರ: ಎರಡೂ ಭಾಷೆ ಬಲ್ಲವರು ಅಲ್ಲಿ ಇರಲೇಬೇಕು

ನಮ್ಮ ಕಡೆಯ ಯಾವ ಸಾಹಿತ್ಯ ಸಭೆಗೆ ಹೋದರೂ ಒಂದು ದೂರು ಕಿವಿಗೆ ಬೀಳುತ್ತದೆ. ಮಲಯಾಳಿಗಳಿಗೆ ಕನ್ನಡ ಸಾಹಿತ್ಯದ ಗಂಧವೇ ಇಲ್ಲ ಅಂತ. ಇರಬಹುದು. ಆದರೆ ಅವರಿಗೆ ಹೇಳಬೇಕಾದವರು ಯಾರು? ಮೈಸೂರಿನವರಾ, ಧಾರವಾಡದವರಾ? ಅಲ್ಲಿ ಮಲಯಾಳಂ ಬಲ್ಲವರು ಬೆರಳೆಣಿಕೆಯಷ್ಟು. ಮಂಜೇಶ್ವರ, ಕುಂಬಳೆ, ಬದಿಯಡ್ಕ, ಮುಳ್ಳೇರಿಯದಲ್ಲಿ ಹಾಗಲ್ಲ. ಬಸ್ಸಿನಲ್ಲಿ, ಮೀನು ಮಾರ್ಕೆಟಿನಲ್ಲಿ, ವಿಲ್ಲೇಜ್ ಆಫೀಸಿನಲ್ಲಿ ದಿನಾ ಆಡುವ ಭಾಷೆ ಅದು. ಹೀಗಿದ್ದೂ, ಪುಸ್ತಕದ ಜನರೆಲ್ಲ ಕಲ್ಲಿಕೋಟೆಯ ಮರಳಿನಲ್ಲಿ ಸೇರುವಾಗ ನಾವು ಮನೆಯಲ್ಲಿ ಕೂತು ಪೇಪರಿನಲ್ಲಿ ಅವರ ಫೋಟೋ ನೋಡುತ್ತೇವೆ.

ಈ ಹಬ್ಬ ಶುರುವಾದದ್ದು 2016ರಲ್ಲಿ. ನಡೆಸುವುದು ಡಿ.ಸಿ. ಕಿಳಕ್ಕೆಮುರಿ ಫೌಂಡೇಶನ್. ಕವಿ ಕೆ. ಸಚ್ಚಿದಾನಂದನ್ ಅದರ ನಿರ್ದೇಶಕರಾಗಿ ದುಡಿದವರು. ಕೊರೋನಾ ಕಾಲದಲ್ಲಿ ನಿಂತು, 2023ರಲ್ಲಿ ಮತ್ತೆ ಎದ್ದಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಯುನೆಸ್ಕೊ ಕಲ್ಲಿಕೋಟೆಯನ್ನು ಸಾಹಿತ್ಯ ನಗರ ಎಂದು ಸಾರಿತು. ಭಾರತದಲ್ಲಿ ಆ ಹೆಸರು ಪಡೆದ ಮೊದಲ ಊರು ಅದು. ಸುಮ್ನೆ ಬಂದದ್ದಲ್ಲ. ಮಲಯಾಳಂ ಕಥೆಗಾರ ಬಷೀರ್ ಬಾಳಿದ ಬೇಪೂರು ಅಲ್ಲೇ ಪಕ್ಕದಲ್ಲಿ. ಕಾದಂಬರಿಕಾರ ಪೊಟ್ಟೆಕ್ಕಾಟ್ ಅವರ ಪ್ರತಿಮೆ ಇರುವುದು ಮಿಠಾಯಿ ತೆರುವು ಎಂಬ ಪೇಟೆ ಬೀದಿಯ ಬಾಯಲ್ಲಿ. 2024ರ ಡಿಸೆಂಬರ್‌ನಲ್ಲಿ ತೀರಿಕೊಂಡ ಎಂ.ಟಿ. ವಾಸುದೇವನ್ ನಾಯರ್ ಮನೆ ಮಾಡಿದ್ದೂ ಅದೇ ಊರಿನಲ್ಲಿ.

ನನಗೆ ಅಲ್ಲಿ ಹಿಡಿಸಿದ್ದು ದೊಡ್ಡ ಹೆಸರುಗಳಲ್ಲ, ಸಭೆ ನಡೆಸುವ ರೀತಿ. ನಮ್ಮಲ್ಲಿ ಒಂದು ಪುಸ್ತಕ ಬಿಡುಗಡೆ ಅಂದರೆ ಪ್ರಾರ್ಥನೆ, ದೀಪ, ಸ್ವಾಗತ, ಪ್ರಾಸ್ತಾವಿಕ, ಶಾಲು, ಹಾರ, ಸ್ಮರಣಿಕೆ. ಇಷ್ಟೆಲ್ಲ ಮುಗಿದು ಪುಸ್ತಕದ ಮಾತು ಶುರುವಾಗುವ ಹೊತ್ತಿಗೆ ಹಿಂದಿನ ಸಾಲು ಊಟದ ಕಡೆ ನೋಡುತ್ತಿರುತ್ತದೆ. ಸಭಿಕರಲ್ಲಿ ಅರ್ಧ ಜನ ಮುಂದಿನ ಗೋಷ್ಠಿಯ ಭಾಷಣಕಾರರು, ಅಲ್ವಾ? ಅಲ್ಲಿ ಎರಡೋ ಮೂರೋ ಕುರ್ಚಿ, ಒಬ್ಬರು ಕೇಳುವವರು, ಒಬ್ಬರು ಹೇಳುವವರು. ಮುಕ್ಕಾಲು ಗಂಟೆ, ಹೆಚ್ಚೆಂದರೆ ಒಂದು ಗಂಟೆ. ಆಮೇಲೆ ಮೈಕ್ ಜನರ ಕೈಗೆ. ಪ್ಲಸ್ ಟು ಮಕ್ಕಳು ಎದ್ದು ನಿಂತು, ನಿಮ್ಮ ಕಾದಂಬರಿಯ ಹೆಂಗಸರು ಯಾಕೆ ಯಾವಾಗಲೂ ಅಳುತ್ತಾರೆ ಎಂದು ಹೆಸರಾಂತ ಲೇಖಕರನ್ನೇ ಕೇಳಿಬಿಡುತ್ತಾರೆ. ಯಾರೂ ಗದರುವುದಿಲ್ಲ. ಗಾಳಿ ತಿನ್ನಲು ಬೀಚಿಗೆ ಬಂದವರೂ ಹಿಂದೆ ನಿಂತು ಕೇಳಿಸಿಕೊಳ್ಳುತ್ತಾರೆ. ನಮ್ಮ ಮಕ್ಕಳು ಇದನ್ನು ಕಣ್ಣಾರೆ ನೋಡಬೇಕು ಅನ್ನುವುದು ನನ್ನ ಆಸೆ. ಪ್ರಶ್ನೆ ಕೇಳುವುದು ಅಗೌರವ ಅಲ್ಲ ಎಂದು ತರಗತಿಯಲ್ಲಿ ಎಷ್ಟು ಹೇಳಿದರೂ ಅವರು ನಂಬುವುದಿಲ್ಲ.

ಈಗ ನಿಜವಾದ ವಿಷಯಕ್ಕೆ ಬರುತ್ತೇನೆ. ಆ ವೇದಿಕೆಗಳ ಭಾಷೆ ಮಲಯಾಳಂ ಅಥವಾ ಇಂಗ್ಲಿಷ್. ಪಕ್ಕದ ಮನೆಯ ಕನ್ನಡ ಅಲ್ಲಿಗೆ ಬರುವುದು ಹೆಚ್ಚಾಗಿ ಇಂಗ್ಲಿಷ್‌ನಲ್ಲಿ. 2025ರಲ್ಲಿ ಹಾಸನದ ಬಾನು ಮುಷ್ತಾಕ್ ಮತ್ತು ಅವರ ಕಥೆಗಳನ್ನು ಇಂಗ್ಲಿಷ್‌ಗೆ ತಂದ ದೀಪಾ ಭಸ್ತಿ ಅವರಿಗೆ ಅಂತರರಾಷ್ಟ್ರೀಯ ಬುಕರ್ ಬಂದದ್ದು ದೊಡ್ಡ ಸಂತೋಷ. ಆದರೆ ಹಾಸನದ ಕಥೆ ಕಲ್ಲಿಕೋಟೆಗೆ ತಲುಪಲು ಲಂಡನ್ ಸುತ್ತಿ ಬರಬೇಕಾ? ನೇರ ದಾರಿ ನಮ್ಮ ಜಿಲ್ಲೆಯ ಮೇಲೆಯೇ ಹೋಗುತ್ತದೆ. ಇದು ಹೊಸ ಮಾತೂ ಅಲ್ಲ. ಕಾಸರಗೋಡು ಕರ್ನಾಟಕಕ್ಕೆ ಸೇರಬೇಕೆಂದು ಜೀವಮಾನ ಹೋರಾಡಿದ ಕಯ್ಯಾರ ಕಿಞ್ಞಣ್ಣ ರೈಗಳೇ ಮಲಯಾಳಂ ಕವಿ ಕುಮಾರನ್ ಆಶಾನ್ ಅವರ ಖಂಡಕಾವ್ಯಗಳನ್ನು ಕನ್ನಡಕ್ಕೆ ತಂದರು. ಹೋರಾಟಕ್ಕೂ ಓದಿಗೂ ಅವರು ಜಗಳ ಹಚ್ಚಲಿಲ್ಲ. ಸಾರಾ ಅಬೂಬಕ್ಕರ್ ಇದೇ ಕಾಸರಗೋಡಿನವರು. ಮನೆಯಲ್ಲಿ ಮಲಯಾಳಂ, ಬರವಣಿಗೆ ಕನ್ನಡದಲ್ಲಿ. ಅವರೂ ಮಲಯಾಳಂನಿಂದ ಅನುವಾದ ಮಾಡಿದರು. ಮೋಹನ ಕುಂಟಾರ್, ಪಾರ್ವತಿ ಜಿ. ಐತಾಳ್ ಅವರಂಥವರು ಆ ಕೆಲಸ ಮುಂದುವರಿಸಿದರು. ಆದರೆ ಹೊಸ ತಲೆಮಾರಿನಲ್ಲಿ ಯಾರು? ಆ ಕಡೆಯಿಂದ ಈ ಕಡೆಗೆ ಬಂದಷ್ಟು ಈ ಕಡೆಯಿಂದ ಆ ಕಡೆಗೆ ಹೋಗಿದೆಯೇ ಎಂಬುದು ಬೇರೆಯೇ ಪ್ರಶ್ನೆ. ಮಲಯಾಳಿಗಳಿಗೆ ಅನಂತಮೂರ್ತಿ ಚೆನ್ನಾಗಿ ಗೊತ್ತು. ಯಾಕೆ? ಕೋಟ್ಟಯಂನ ಮಹಾತ್ಮಾ ಗಾಂಧಿ ವಿಶ್ವವಿದ್ಯಾಲಯದ ಕುಲಪತಿಯಾಗಿ ಅವರ ನಡುವೆಯೇ ಇದ್ದರು, ಅವರೊಡನೆ ವಾದ ಮಾಡಿದರು. ಅದೇ ಕೆ.ವಿ. ತಿರುಮಲೇಶ್ ನೋಡಿ. ನಮ್ಮ ಜಿಲ್ಲೆಯ ಕಾರಡ್ಕದಲ್ಲಿ ಹುಟ್ಟಿದವರು. 2015ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಕೇರಳದ ನೆಲದಲ್ಲಿ ಹುಟ್ಟಿದ ಅಂಥ ಕವಿಯ ಹೆಸರು ಹೇಳಿದರೆ ಅಲ್ಲಿನ ಎಷ್ಟು ಓದುಗರು ತಲೆಯಾಡಿಸಿಯಾರು?

ಹೋಗುವುದು ಕಷ್ಟವೂ ಅಲ್ಲ. ಕಾಸರಗೋಡಿನಿಂದ ರೈಲಿನಲ್ಲಿ ಸುಮಾರು 175 ಕಿ.ಮೀ. ಬೆಳಕು ಹರಿಯುವ ಮುಂಚೆ ಪರಶುರಾಮ್ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಗ್ಗಿನ ಗೋಷ್ಠಿಗಳು ಸಿಗುತ್ತವೆ. ಸ್ಟೇಷನ್ನಿನಿಂದ ಬೀಚಿಗೆ ಆಟೋ ಸಾಕು. ನಟರು, ರಾಜಕಾರಣಿಗಳು ಬರುವ ದೊಡ್ಡ ಪೆಂಡಾಲಿಗೆ ಹೋಗಬೇಡಿ, ನೂಕುನುಗ್ಗಲು. ಸಣ್ಣ ವೇದಿಕೆಗಳಲ್ಲಿ ಕೂರಿ. ಅನುವಾದದ ಗೋಷ್ಠಿ ಇದ್ದರೆ ಬಿಡಬೇಡಿ. ಪ್ರಕಾಶಕರ ಮಳಿಗೆಗಳಲ್ಲಿ ನಿಂತು ಮಾತಾಡಿ. ಇಂಥ ಕನ್ನಡ ಪುಸ್ತಕ ಉಂಟು, ನಾನು ಒಂದು ಅಧ್ಯಾಯ ಮಲಯಾಳಂ ಮಾಡಿ ಕಳಿಸುತ್ತೇನೆ ಎಂದು ಮುಖ ನೋಡಿ ಹೇಳುವುದಕ್ಕೆ ಇರುವ ಬೆಲೆ ಮಿಂಚಂಚೆಗೆ ಇಲ್ಲ. ಮಧ್ಯಾಹ್ನದ ಬಿಸಿಲಿಗೆ ಟೊಪ್ಪಿ ಇರಲಿ. ಹಸಿವಾದರೆ ಕಲ್ಲುಮ್ಮಕ್ಕಾಯಿ ಎಂಬ ಕಡಲ ಚಿಪ್ಪಿನ ತಿಂಡಿ, ಬೇಡದವರಿಗೆ ಉಪ್ಪುನೀರಿನಲ್ಲಿಟ್ಟ ಮಾವು, ನೆಲ್ಲಿಕಾಯಿ.

ಕೇರಳದ ಹಬ್ಬಕ್ಕೆ ಹೋದರೆ ಕಾಸರಗೋಡು ಕೇರಳದ ಪಾಲಾದ 1956ರ ನವೆಂಬರ್ 1ನ್ನು ಒಪ್ಪಿಕೊಂಡ ಹಾಗೆ ಎನ್ನುವ ಹಿರಿಯರಿದ್ದಾರೆ. ಅವರ ನೋವು ನನಗೆ ಅರ್ಥವಾಗುತ್ತದೆ. ಗಡಿ ತಕರಾರಿನ ಮಹಾಜನ ವರದಿ 1967ರಲ್ಲಿ ಬಂತು, ಚಂದ್ರಗಿರಿ ಹೊಳೆಯ ಉತ್ತರಕ್ಕೆ ಇರುವುದನ್ನು ಕನ್ನಡ ನಾಡಿಗೆ ಕೊಡಿ ಎಂದಿತು, ಅಲ್ಲೇ ನಿಂತಿತು. ಅದರ ನಂತರ ಹುಟ್ಟಿದ ಮಕ್ಕಳಿಗೆ ಈಗ ಮೊಮ್ಮಕ್ಕಳಾಗುವ ಕಾಲ. ಅಷ್ಟು ಕಾಲ ನೆರೆಮನೆಯವರ ಹಬ್ಬಕ್ಕೆ ಮುಖ ತಿರುಗಿಸಿ ಕೂತದ್ದರಿಂದ ಒಂದು ಕನ್ನಡ ಶಾಲೆಗೂ ಒಬ್ಬ ಮೇಷ್ಟ್ರು ಜಾಸ್ತಿ ಸಿಗಲಿಲ್ಲ.

ವಿರೋಧ: ಅಲ್ಲಿ ಒಬ್ಬ ಕೇಳುಗ ಕಡಿಮೆಯಾದರೆ ನಷ್ಟವಿಲ್ಲ

ಮೊದಲೇ ಹೇಳಿಬಿಡುತ್ತೇನೆ, ನನಗೆ ಮಲಯಾಳಂ ಮೇಲೆ ಸಿಟ್ಟಿಲ್ಲ. ಬಷೀರರನ್ನು ಮಲಯಾಳಂನಲ್ಲೇ ಓದಿದವನು ನಾನು. ನನ್ನ ತಕರಾರು ಅಲ್ಲಿಗೆ ಹೋಗಲು ಖರ್ಚಾಗುವ ಬಿಡುವಿನ ದಿನದ ಬಗ್ಗೆ. ಜನವರಿಯಲ್ಲಿ ನಮ್ಮ ಅಂಗಳದ ತುಂಬ ಅಡಿಕೆ ಹರಡಿರುತ್ತದೆ. ಕೊಯ್ಲಿಗೆ ಜನ ಸಿಕ್ಕಿದ ದಿನ ನಾವು ಎಲ್ಲಿಗೂ ಹೋಗುವ ಹಾಗಿಲ್ಲ. ಹೀಗಾಗಿ ಇಲ್ಲಿನ ಓದುಗನಿಗೆ ಬಿಡುವು ಎಂಬುದು ಅಳತೆಯದ್ದು. ಅದನ್ನು ಎಲ್ಲಿ ಖರ್ಚು ಮಾಡಬೇಕು ಎಂಬುದಷ್ಟೇ ಪ್ರಶ್ನೆ.

ಕಲ್ಲಿಕೋಟೆಯ ಬೀಚಿಗೆ ಸಾವಿರಗಟ್ಟಲೆ ಜನ ಬರುತ್ತಾರೆ. ನಾವು ಹತ್ತು ಜನ ಹೋದರೆ ಅವರಿಗೆ ಗೊತ್ತೂ ಆಗುವುದಿಲ್ಲ, ಹೋಗದಿದ್ದರೂ ಗೊತ್ತಾಗುವುದಿಲ್ಲ. ನಮ್ಮ ಊರಿನ ವಾಚನಾಲಯದ ಸಭೆಗೆ ಅದೇ ಹತ್ತು ಜನ ಬಾರದಿದ್ದರೆ ಸಭೆಯೇ ಇಲ್ಲ. ಕೇರಳದಲ್ಲಿ ಗ್ರಂಥಾಲಯ ಚಳವಳಿ ಬೆಳೆದದ್ದು ಹಳ್ಳಿಯ ಸಣ್ಣ ಕೋಣೆಗಳಿಂದ. ಪಿ.ಎನ್. ಪಣಿಕ್ಕರ್ ಅವರಂಥವರು ಊರೂರು ಸುತ್ತಿ ಕಟ್ಟಿದ್ದು. ಬೀಚಿನ ಸಾವಿರಾರು ಓದುಗರು ತಯಾರಾದದ್ದು ಆ ಕೋಣೆಗಳಲ್ಲಿ. ಪರವಾಗಿ ಬರೆದವರು ಆ ಪ್ಲಸ್ ಟು ಮಕ್ಕಳ ಧೈರ್ಯ ನೋಡಿ ಮೆಚ್ಚಿದರು, ಸರಿ. ಧೈರ್ಯ ಬಂದದ್ದು ಬೀಚಿನ ಗಾಳಿಯಿಂದ ಅಲ್ಲ ಮಾರಾಯ್ರೇ. ಸಣ್ಣಂದಿನಿಂದ ಕೈಗೆ ಪುಸ್ತಕ ಸಿಕ್ಕಿತ್ತು, ಮಾತಾಡಲು ಒಂದು ಕೋಣೆ ಇತ್ತು.

ಅನುವಾದದ ಮಾತು ಬಂತು. ಕಯ್ಯಾರರ ಹೆಸರನ್ನೂ ತಂದರು. ಪೆರಡಾಲದ ಶಾಲೆಯಲ್ಲಿ ಪಾಠ ಮಾಡುತ್ತ, ತೋಟ ನೋಡಿಕೊಳ್ಳುತ್ತ ಬರೆದವರು ಅವರು. ಗೋವಿಂದ ಪೈಗಳು ಅಷ್ಟೊಂದು ಭಾಷೆ ಕಲಿತದ್ದು ಮಂಜೇಶ್ವರದ ಮನೆಯಲ್ಲಿ ಪುಸ್ತಕಗಳ ನಡುವೆ. ಆ ಮನೆಯ ಜಾಗದಲ್ಲಿ ಈಗ ಗಿಳಿವಿಂಡು ಎಂಬ ಸ್ಮಾರಕ ಉಂಟು. ಕಡಲು ಅಲ್ಲಿಂದಲೂ ದೂರವಿಲ್ಲ! ನಮ್ಮ ಕಾಲೇಜು ಮಕ್ಕಳಲ್ಲಿ ಅದರ ಒಳಗೆ ಕಾಲಿಟ್ಟವರು ಎಷ್ಟು ಜನ ಎಂದು ಮೇಷ್ಟ್ರುಗಳು ತರಗತಿಯಲ್ಲಿ ಕೈ ಎತ್ತಿಸಿ ನೋಡಲಿ. ಅನುವಾದ ಎಂದರೆ ವರ್ಷಗಟ್ಟಲೆ ಒಂಟಿಯಾಗಿ ಕೂತು ಮಾಡುವ ದುಡಿಮೆ. ಅದರ ಬಗ್ಗೆ ಗೋಷ್ಠಿ ಕೇಳಿದವರೆಲ್ಲ ಅನುವಾದಕರಾಗುವುದಾದರೆ ಈ ಹೊತ್ತಿಗೆ ನಮ್ಮಲ್ಲಿ ಅನುವಾದಕರಿಗೆ ಕೂರಲು ಜಾಗ ಸಾಲುತ್ತಿರಲಿಲ್ಲ.

ಸಭೆಯ ರೀತಿ ಚೆನ್ನಾಗಿದೆ ಎಂದಿದ್ದಾರೆ. ಶಾಲು, ಹಾರದ ಮಾತಿಗೆ ನನ್ನದೂ ಪೂರ್ತಿ ಒಪ್ಪಿಗೆ. ನಮ್ಮ ಸಭೆಗಳ ಸ್ವಾಗತ ಭಾಷಣಕ್ಕೆ ಕಾನೂನು ಬರಬೇಕು. ಆದರೆ ಮುಕ್ಕಾಲು ಗಂಟೆಯಲ್ಲಿ ಏನು ವಾದ ಆಗುತ್ತದೆ? ಕೇಳುವವರ ಕಣ್ಣು ಗಡಿಯಾರದ ಮೇಲೆ, ಹೇಳುವವರ ಕಣ್ಣು ಮುಂದಿನ ವೇದಿಕೆಯ ಮೇಲೆ. ವಾದ ಕೇಳಬೇಕು ಅನ್ನುವವರು ಎಡನೀರಿನಲ್ಲೋ ಬದಿಯಡ್ಕದ ಕಡೆಯಲ್ಲೋ ಒಂದು ತಾಳಮದ್ದಳೆಗೆ ಬಂದು ಕೂರಲಿ. ಬಾಣ ತಾಗಿ ಬಿದ್ದ ವಾಲಿ ರಾಮನನ್ನು ಕೇಳುತ್ತಾನೆ, ಮರೆಯಲ್ಲಿ ನಿಂತು ಹೊಡೆದದ್ದು ಯಾವ ಧರ್ಮ ಅಂತ. ಬರೆದಿಟ್ಟ ಮಾತಿಲ್ಲ, ವೇಷ ಇಲ್ಲ. ಅರ್ಥಧಾರಿಗೆ, ಅಂದರೆ ಪಾತ್ರವಾಗಿ ಮಾತಾಡುವವರಿಗೆ, ಆ ಕ್ಷಣಕ್ಕೆ ಏನು ಹೊಳೆಯುತ್ತದೋ ಅದು. ಎದುರಿನವರು ಸಡಿಲಾದ ಒಂದು ಮಾತು ಹಿಡಿದರೆ ಮತ್ತೆ ಅರ್ಧ ಗಂಟೆ ಬಿಡುವುದಿಲ್ಲ. ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರ ಮಾತು ಕೇಳಿ ಬೆಳೆದವರು ನಮ್ಮಲ್ಲಿ ಈಗಲೂ ಇದ್ದಾರೆ. ಶಾಲೆಯ ಮೆಟ್ಟಿಲು ಹತ್ತದ ಅಜ್ಜನೂ ವಾದ ಎಲ್ಲಿ ಜಾರಿತು ಎಂದು ಹೇಳಬಲ್ಲರು. ಯಕ್ಷಗಾನದ ರಾಮಾಯಣ ಪ್ರಸಂಗಗಳನ್ನು ಬರೆದ ಪಾರ್ತಿಸುಬ್ಬ ಕುಂಬಳೆಯವರು. ಇಂಥದ್ದು ಮನೆ ಬಾಗಿಲಲ್ಲಿ ಇರುವಾಗ ಪ್ರಶ್ನೆ ಕೇಳುವುದನ್ನು ಕಲಿಯಲು ಆ ಮಕ್ಕಳನ್ನು ರೈಲು ಹತ್ತಿಸಬೇಕಾ?

ಇನ್ನು ರಾಜಕೀಯ. ನಾನು 1956ರ ಮಾತು ಎತ್ತುವುದಿಲ್ಲ, 2017 ಸಾಕು. ಆ ವರ್ಷದ ಕಾಯ್ದೆ ಕೇರಳದ ಶಾಲೆಗಳಲ್ಲಿ ಹತ್ತನೇ ತರಗತಿವರೆಗೆ ಮಲಯಾಳಂ ಕಡ್ಡಾಯ ಮಾಡಿತು. ಕನ್ನಡ ಮಾಧ್ಯಮದ ಮಕ್ಕಳ ಪಾಡು ಏನು ಎಂದು ಇಲ್ಲಿ ಬೀದಿಗಿಳಿದು ಕೇಳಬೇಕಾಯಿತು. ಕನ್ನಡ ಬಾರದವರನ್ನು ಕನ್ನಡ ತರಗತಿಗೆ ನೇಮಿಸಿದಾಗಲೂ ಅಷ್ಟೇ. ಮುಖ ತಿರುಗಿಸಿದ್ದರಿಂದ ಮೇಷ್ಟ್ರು ಸಿಗಲಿಲ್ಲ ಎಂದು ಪರವಾದವರು ಬರೆದರು. ನಿಜ. ಬೀಚಿಗೆ ಹೋದರೂ ಸಿಗುವುದಿಲ್ಲ. ಸಿಕ್ಕಿದಷ್ಟು ಸಿಕ್ಕಿದ್ದು ಕಾಸರಗೋಡಿನ ಆಫೀಸುಗಳ ಮುಂದೆ ಕೂತದ್ದರಿಂದ.

ಆಚೆ ಕರ್ನಾಟಕದವರೂ ನಮ್ಮನ್ನು ತಲೆ ಮೇಲೆ ಹೊತ್ತು ಕುಣಿಯುತ್ತಿಲ್ಲ, ಅದನ್ನೂ ಹೇಳಬೇಕು. ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ಕಾಸರಗೋಡಿನಲ್ಲಿ ನಡೆದದ್ದು 1948ರಲ್ಲಿ, ತಿ.ತಾ. ಶರ್ಮರ ಅಧ್ಯಕ್ಷತೆಯಲ್ಲಿ. ಆಮೇಲೆ ಮತ್ತೆ ಬರಲಿಲ್ಲ. ಭಾಷಣದಲ್ಲಿ ಮಾತ್ರ ಕಾಸರಗೋಡು ಕನ್ನಡದ್ದು. ನನ್ನ ಕೇಳಿಕೆ ಇಷ್ಟೇ. ಕಲ್ಲಿಕೋಟೆಯ ಟಿಕೆಟಿಗೆ ಇಟ್ಟ ಉತ್ಸಾಹವನ್ನು ಆ ಸಮ್ಮೇಳನವನ್ನು ಮತ್ತೊಮ್ಮೆ ಇಲ್ಲಿಗೆ ಕರೆಸುವುದಕ್ಕೆ ಹಾಕೋಣ. ಬಂದಾಗ ಮಲಯಾಳಂ ಲೇಖಕರನ್ನು ನಾವೇ ಕರೆಯೋಣ. ಅವರು ನಮ್ಮ ಊರಿನ ಅತಿಥಿಗಳಾಗಿ ಬಂದು ಕನ್ನಡ ಕೇಳಲಿ. ಅವರ ಮೈಕಿನ ಮುಂದೆ ಸಾಲು ನಿಲ್ಲುವುದಕ್ಕಿಂತ ಅದು ಘನತೆಯದ್ದು.

ಪರವಾಗಿ ಬರೆದವರ ಒಂದು ಮಾತಿಗೆ ನನ್ನಲ್ಲಿ ಉತ್ತರವಿಲ್ಲ. ಪ್ರಕಾಶಕರನ್ನು ಮುಖತಃ ಕಂಡು ಮಾತಾಡುವುದು ಇಲ್ಲಿ ಕೂತರೆ ಆಗುವುದಿಲ್ಲ. ನಿಜವಾಗಿ ಅನುವಾದ ಮಾಡಿಟ್ಟವರು, ಕೈಯಲ್ಲಿ ಹಸ್ತಪ್ರತಿ ಇರುವವರು ಇದ್ದರೆ ಹೋಗಲಿ. ಬರುವಾಗ ಮಲಯಾಳಂ ಪುಸ್ತಕಗಳನ್ನೂ ತರಲಿ, ಆದರೆ ಬಿಲ್ ಜೋಪಾನ. ವಾಚನಾಲಯದ ಲೆಕ್ಕಕ್ಕೆ ಬಿಲ್ ಇಲ್ಲದೆ ಹಣ ಕೊಡುವ ಹಾಗಿಲ್ಲ.