ಯುದ್ಧಕಾಲದ ಜೀಪಿನ ಮಾಡೆಲ್ಲೇ? ಮೊದಲು ಗ್ರಿಲ್ಲಿನ ಸೀಳು ಎಣಿಸಿ

ಪುಟ್ಟ ಮಾಡೆಲ್ಲಿನ ಪೆಟ್ಟಿಗೆಯ ಮೇಲೆ ‘ವಿಲ್ಲಿಸ್ ಎಂಬಿ’ (ವಿಲ್ಲಿಸ್ ಕಂಪನಿಯ ಯುದ್ಧಕಾಲದ ಜೀಪು) ಎಂದು ಬರೆದಿದ್ದರೆ ಸಾಲದು. ಎರಡನೇ ಮಹಾಯುದ್ಧದ ಜೀಪಿನ ಒತ್ತು ತಗಡಿನ ಗ್ರಿಲ್ಲಿನಲ್ಲಿ ಒಂಬತ್ತು ಉದ್ದ ಸೀಳುಗಳಿರಬೇಕು. ಏಳಿದ್ದರೆ ಅದು ಯುದ್ಧ ಮುಗಿದ ಮೇಲಿನ ಸಿಜೆ, ಅಂದರೆ ಜನಸಾಮಾನ್ಯರಿಗೆಂದು ಮಾಡಿದ ಮಾದರಿ. ಹಸಿರು ಬಳಿದು ಬಿಳಿ ನಕ್ಷತ್ರ ಅಂಟಿಸಿದ ಮಾತ್ರಕ್ಕೆ ಅದು ಯುದ್ಧದ ಜೀಪಾಗುವುದಿಲ್ಲ. ನಮ್ಮ ಕಡೆ ದಶಕಗಟ್ಟಲೆ ಓಡಿದ ಮಹೀಂದ್ರ ಜೀಪು ಎತ್ತರದ ಬಾನೆಟ್ಟಿನ ಸಿಜೆ-3ಬಿ ವಂಶದ್ದು. ಕಣ್ಣು ಅದಕ್ಕೇ ಒಗ್ಗಿರುವುದರಿಂದ ಏಳು ಸೀಳು ತಪ್ಪು ಅಂತ ನಮಗೆ ಅನ್ನಿಸುವುದೇ ಇಲ್ಲ. ಹಿಂಭಾಗವನ್ನೂ ನೋಡಿ: ಎಂಬಿಗೆ ಹಿಂದೆ ತೆರೆಯುವ ಬಾಗಿಲಿಲ್ಲ. ಸ್ಟೆಪ್ನಿ ಹಿಂದೆಯೇ ಬಲಕ್ಕೆ, ಪೆಟ್ರೋಲ್ ಕ್ಯಾನ್ ಎಡಕ್ಕೆ.

ಇದಕ್ಕೊಂದು ಅಪವಾದ ಉಂಟು. ವಿಲ್ಲಿಸ್ ಮೊದಲು ಮಾಡಿದ ಸುಮಾರು 25,000 ಜೀಪುಗಳಿಗೆ ಕಬ್ಬಿಣದ ಪಟ್ಟಿ ವೆಲ್ಡ್ ಮಾಡಿದ ಗ್ರಿಲ್ ಇತ್ತು. ಒತ್ತು ತಗಡಿನದು ಫೋರ್ಡಿನವರ ವಿನ್ಯಾಸ, ಆಮೇಲೆ ವಿಲ್ಲಿಸ್ಸಿಗೂ ಅದೇ ಬಂತು. ವಿಲ್ಲಿಸ್ಸೋ, ಅದೇ ಜೀಪನ್ನು ಫೋರ್ಡ್ ಮಾಡಿದ ಜಿಪಿಡಬ್ಲ್ಯುನೋ ತಿಳಿಯಲು ಗ್ರಿಲ್ಲಿನ ಕೆಳಗೆ ಬಗ್ಗಿ ನೋಡಬೇಕು: ಚಾಸಿಯ ಮುಂದಿನ ಅಡ್ಡಪಟ್ಟಿ ದುಂಡು ಪೈಪಾಗಿದ್ದರೆ ವಿಲ್ಲಿಸ್, ಬೋರಲು ಹಾಕಿದ ದೋಣಿಯಂತಿದ್ದರೆ ಫೋರ್ಡ್.

ಅಳತೆಗೆ ಒಂದು ಸ್ಕೇಲ್ ಪಟ್ಟಿ ಸಾಕು. ಅಸಲಿ ಜೀಪಿನ ಎರಡು ಆಕ್ಸಲ್‌ಗಳ ನಡುವೆ 80 ಇಂಚು, ಅಂದರೆ 2032 ಮಿ.ಮೀ. 1/35 ಸ್ಕೇಲಿನಲ್ಲಿ, ಅಂದರೆ ಅಸಲಿಯ 35ರಲ್ಲಿ ಒಂದು ಪಾಲಿನ ಮಾಡೆಲ್ಲಿನಲ್ಲಿ, ಅದು 58 ಮಿ.ಮೀ., 1/18ರಲ್ಲಿ 113. ಮೂರ್ನಾಲ್ಕು ಮಿ.ಮೀ. ವ್ಯತ್ಯಾಸ ಬಂದರೆ ಬೆಲೆ ಎಷ್ಟೇ ಕಡಿಮೆಯಿರಲಿ, ಬೇಡ.

ಸಾಮಾನು ಹೇರಿದಷ್ಟೂ ಮಾಡೆಲ್ ಚೆಂದ ಎಂಬುದನ್ನು ನಾನು ಒಪ್ಪುವುದಿಲ್ಲ. ಒಂದು ಜೀಪಿಗೆ ಒಂದು ಕಾಲ, ಒಂದು ರಣರಂಗ ಇರಬೇಕು. ಬಂಪರಿಗೆ ನೆಟ್ಟಗೆ ನಿಲ್ಲಿಸಿದ ಆ ಕಬ್ಬಿಣದ ಕಂಬ ಇಟಲಿ, ನಾರ್ಮಂಡಿಯ ಕಾಲದ್ದು. ಗಾಜು ಮಡಚಿ ಓಡಿಸುವವರ ಕುತ್ತಿಗೆಗೆ ಸಿಗುವಂತೆ ರಸ್ತೆಗೆ ಅಡ್ಡ ಕಟ್ಟಿದ ತಂತಿ ಕಡಿಯಲು ಅದು ಬಂದದ್ದು. 1942ರ ಉತ್ತರ ಆಫ್ರಿಕಾದ ಜೀಪಿಗೆ ಅದನ್ನು ಕೂರಿಸಿದರೆ ಮಿಕ್ಕ ಶ್ರಮವೆಲ್ಲ ವ್ಯರ್ಥ.

ಕಿಟ್ ಜೋಡಿಸುವವರು ಹೆಚ್ಚಾಗಿ ಸೋಲುವುದು ಬಾನೆಟ್ಟಿನ ನಕ್ಷತ್ರದಲ್ಲಿ. ಜೀಪಿನ ಸೇನಾ ಹಸಿರು ಆಲಿವ್ ಡ್ರ್ಯಾಬ್ ಹೊಳಪಿಲ್ಲದ ಮ್ಯಾಟ್ ಬಣ್ಣ. ಅದರ ಮೈ ಒರಟು. ನೇರವಾಗಿ ಡೆಕಾಲ್ (ನೀರಲ್ಲಿ ನೆನೆಸಿ ಅಂಟಿಸುವ ತೆಳು ಚಿತ್ರ) ಇಟ್ಟರೆ ಅಡಿಯಲ್ಲಿ ಗಾಳಿ ಸಿಕ್ಕಿ, ಒಣಗಿದ ಮೇಲೆ ಸುತ್ತಲೂ ಬೆಳ್ಳಿಯಂತೆ ಹೊಳೆಯುತ್ತದೆ. ಮೊದಲು ಹೊಳಪಿನ (ಗ್ಲಾಸಿ) ಪಾರದರ್ಶಕ ಕ್ಲಿಯರ್ ವಾರ್ನಿಷ್ ತೆಳ್ಳಗೆ ಎರಡು ಕೋಟ್ ಹೊಡೆದು ಒಂದು ದಿನ ಬಿಡಿ. ಡೆಕಾಲನ್ನು ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ. ಕಾಗದದ ಮೇಲೆ ತಾನಾಗಿ ಜಾರತೊಡಗಿದಾಗ ಬಾನೆಟ್ಟಿಗೆ ಸರಿಸಿ, ಡೆಕಾಲನ್ನು ಮೆತ್ತಗಾಗಿಸುವ ದ್ರವವಾದ ಸಾಫ್ಟ್‌ನರ್ ಸವರಿ. ಮ್ಯಾಟ್ ಕ್ಲಿಯರ್ ಮಾರನೇ ದಿನ. ಈಗಾಗಲೇ ಹೊಳೆದಿದ್ದರೆ ಸೂಜಿಯಿಂದ ಅಲ್ಲಲ್ಲಿ ಚುಚ್ಚಿ ಮತ್ತೆ ಸಾಫ್ಟ್‌ನರ್ ಬಿಡಿ, ಬಹುಪಾಲು ಕೂರುತ್ತದೆ.

ವಿಂಡ್‌ಶೀಲ್ಡಿಗೆ ಸೂಪರ್ ಗ್ಲೂ ಮುಟ್ಟಿಸಬೇಡಿ. ಅದರ ಆವಿಗೆ ಗಾಜು ಮಂಜಾಗುತ್ತದೆ. ಫೆವಿಕಾಲ್ ಸಾಕು, ಒಣಗಿದರೆ ಕಾಣುವುದೂ ಇಲ್ಲ.